ಹೊಗೆ ನಿಂತ ಪುಟ್ಟ ಇಂಜಿನ್

ಆಟಿಕೆ ರೈಲಿನ ಇಂಜಿನ್ ಸುಟ್ಟವಳು ಶಿವಕುಮಾರಿ ಎಂದು ಬರೆದು, ಆ ಕಾಗದವನ್ನು ಹೋಟೆಲಿನ ಗೋಡೆಗೆ ಅಂಟಿಸಿ, ಅವಳನ್ನು ಕೆಲಸದಿಂದ ತೆಗೆದರು.

ಮೂರನೆಯ ದಿನ ಬೆಳಿಗ್ಗೆ ತನ್ನ ಬಟ್ಟೆಚೀಲ ಒಯ್ಯಲು ಮುಂಬೈ ಫೋರ್ಟ್‌ನ ಆ ಹೋಟೆಲಿಗೆ ಬಂದವಳಿಗೆ ಎದುರಾದವನು ಸೃಜನ್! ಬೈಕುಲ್ಲಾದ ರಿಪೇರಿ ಅಂಗಡಿಯವನು. ಆರು ತಿಂಗಳಿಂದ ಅವಳ ಎದೆಯೊಳಗೆ ಸದ್ದಿಲ್ಲದೆ ಕೂತವನು...

ಅವನ ಮುಂದೆ ಇಂಜಿನ್ ಬಿಚ್ಚಿಕೊಂಡು ಬಿದ್ದಿತ್ತು. ಕಾಫಿ ಲೋಟ ಹೊತ್ತು ಮೇಜಿನಿಂದ ಮೇಜಿಗೆ ಓಡುವ ರೈಲು ಅದು. ಕೊಳವೆಯಿಂದ ಹೊಗೆ ಬರಲೆಂದು ದಿನಾ ಐದು ಹನಿ ಹೊಗೆ-ಎಣ್ಣೆ ಬಿಡುವುದು ಅವಳ ಕೆಲಸವಾಗಿತ್ತು. ಈಗ ಹೊಗೆಯಿಲ್ಲ, ಕಮಟು ವಾಸನೆ ಮಾತ್ರ.

"ಶಿವಾ..."

"ಹೆಸರು ತೆಗೀಬ್ಯಾಡ್ರಿ. ಎಣ್ಣಿ ಹಾಕದ ಓಡಿಸ್ಯಾಳ ಅಂದವ್ರು ನೀವಽ ಅಲ್ಲೇನ್ರಿ, ದೊಡ್ಡ ಮೆಕ್ಯಾನಿಕ್ಕು?"

ಅವನ ಕೈಯ ಸ್ಕ್ರೂಡ್ರೈವರ್ ನಿಂತಿತು. "ಮಾಲೀಕರು ಫೋನಲ್ಲಿ ಕೇಳಿದ್ರು. ಎಣ್ಣೆ ಇಲ್ಲದೆ ಓಡಿಸಿದ್ರೂ ಹೀಗಾಗ್ತದೆ ಅಂದೆ, ಅಷ್ಟೇ. ನೋಡದೆ ಬಾಯಿಬಿಟ್ಟದ್ದು ನನ್ನದೇ ತಪ್ಪು."

"ನಿಮ್ಮ ಆ ಒಂದು ಮಾತಿಗೆ ನನ್ನ ಅನ್ನ ಹೋತು! ನಿನ್ನಿ ಮೂರು ಹೋಟೆಲ್ದಾಗ ಕೈಮುಗಿದೆ. ಇಂಜಿನ್ ಸುಟ್ಟಾಕಿ ಇಕೀನೇ ಏನು ಅಂದ್ರು. ಸಂಜೀಕ ಕಲಬುರಗಿ ರೈಲಿಗೆ ಹೊಂಟೀನಿ."

ತಡೆ... ಒಂದು ಮಾತಾಡಿಯಾದರೂ ತಡೆ! ಒಳಗೊಳಗೇ ಬೇಡಿಕೊಂಡಳು.

"ಹತ್ತು ನಿಮಿಷ ನಿಲ್ಲು. ಆಮೇಲೆ ಬೇಕಾದಷ್ಟು ಬೈ."

ಅವನು ಮೀಟರಿನ ಕಡ್ಡಿ ತಾಗಿಸಿದ. ಕುಂಯ್ ಎಂದಿತು. "ಬಿಸಿಯಾಗುವ ತಂತಿ ಸರಿ ಉಂಟು." ಚಿಮಟದಿಂದ ಒಳಗಿನ ಬತ್ತಿ ಎಳೆದ. ಎಣ್ಣೆಯಿಲ್ಲದೆ ಓಡಿದ್ದರೆ ಅದು ಕರಿಕಲಾಗಿ ಉದುರಬೇಕಿತ್ತು. ಇದು ಕಂದು ಮೇಣದ ಹಾಗೆ ಅಂಟಂಟಾಗಿ ಜೋತುಬಿತ್ತು. ಮೂಸಿ ನೋಡಿ ಅವಳತ್ತ ಚಾಚಿದ.

"ಕೊಬ್ಬರಿ ಎಣ್ಣಿ!" ಅವಳು ಬತ್ತಿ ಕಸಿದು ಮತ್ತೊಮ್ಮೆ ಮೂಸಿದಳು.

ಗಲ್ಲಾದಲ್ಲಿದ್ದ ಮಾಲೀಕ ಶೇಖರಣ್ಣ ತಲೆಯೆತ್ತಿದ. "ಹೌದು ಮಾರಾಯ. ದಿನಾ ಪೂಜೆಯಲ್ಲಿ ದೀಪದ ಎಣ್ಣೆ ನಾಲ್ಕು ಹನಿ ಅದಕ್ಕೂ ಬಿಡ್ತೇನೆ. ಯಂತ್ರಕ್ಕೂ ಮರ್ಯಾದೆ ಬೇಡ್ವಾ?"

"ಆ ಮರ್ಯಾದೆಯೇ ಬತ್ತಿಗೆ ಅಂಟಿ ಹೊಗೆ ನಿಲ್ಲಿಸಿದ್ದು, ಶೇಖರಣ್ಣ."

ಅಡುಗೆಮನೆಯ ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಶೇಖರಣ್ಣನ ಮುಖ ಬಿಗಿಯಿತು.

"ಫೋನಲ್ಲಿ ಹೇಳಿದ್ದನ್ನೇ ಬರೆದುಕೊಡು. ಧಣಿಯ ತಪ್ಪು ಅಂತ ಕಾಗದವಾದ್ರೆ ನಾಳೆ ಪಾತ್ರೆ ತೊಳೆಯುವವನೂ ನನಗೆ ಬುದ್ಧಿ ಹೇಳ್ತಾನೆ! ಬರೆಯದಿದ್ರೆ ಇಲ್ಲಿನ ಒಂದು ಮಿಕ್ಸಿಯೂ ನಿನ್ನ ಅಂಗಡಿಗೆ ಬರುವುದಿಲ್ಲ."

ಸೃಜನ್ ಪೆನ್ನು ತೆಗೆದ.

ಬರೆಯುತ್ತಿದ್ದಾನೆ... ಎರಡನೆಯ ಸಲವೂ ತಪ್ಪು ನನ್ನ ತಲೆಗೇ! ಅವಳು ಬಟ್ಟೆಚೀಲದತ್ತ ತಿರುಗಿದಳು.

ಬರೆದದ್ದನ್ನು ಅವನು ಮಾಲೀಕನಿಗೆ ಕೊಡಲಿಲ್ಲ, ಅವಳ ಕೈಗಿಟ್ಟ. 'ಹೊಗೆ ನಿಂತದ್ದು ಕೊಬ್ಬರಿ ಎಣ್ಣೆಯಿಂದ. ಶಿವಕುಮಾರಿಯ ತಪ್ಪಿಲ್ಲ.'

"ಮಿಕ್ಸಿ ಬಾರದಿದ್ರೆ ಬೇಡ," ಎಂದ. "ನನಗೆ ಇವಳು ಬೇಕು, ಶೇಖರಣ್ಣ."

ತಂತಿ ಒರೆಸಿ, ಹೊಸ ಬತ್ತಿ ಕೂರಿಸಿ, ಹೊಗೆ-ಎಣ್ಣೆಯ ಬಾಟಲಿ ಅವಳತ್ತ ಸರಿಸಿದ. "ನೀನೇ ಬಿಡು."

ಒಂದು... ಎರಡು... ಐದು. ಸೃಜನ್ ಸ್ವಿಚ್ ಒತ್ತಿದ. ಕೊಳವೆ ಒಮ್ಮೆ ಕೆಮ್ಮಿತು. ಆಮೇಲೆ ಬೆಳ್ಳಗೆ ಹೊಗೆ!

"ಸಾಕು! ಇಬ್ರೂ ಹೊರಗೆ ನಡೀರಿ, ಗಿರಾಕಿ ಬರುವ ಹೊತ್ತು!" ಶೇಖರಣ್ಣ ಗಲ್ಲಾದಿಂದ ಎದ್ದ.

ಶಿವಕುಮಾರಿ ಗೋಡೆಯ ಕಾಗದದ ಕೆಳಗೇ ಕುರ್ಚಿ ಎಳೆದು ಕೂತಳು. "ಇದನ್ನ ನೀವಽ ಕೈಯಾರೆ ಹರೀರಿ, ಸೇಠ್. ಅಲ್ಲೀತನಕಾ ಇಲ್ಲೇ ಕೂಡ್ತೀನಿ."

ಸೃಜನ್ ಪಕ್ಕದ ಕುರ್ಚಿಗೆ ಬಂದ. ಪಿಸುಗುಟ್ಟಿದ: "ಕಲಬುರಗಿ ರೈಲು?"

"ನೀ ಬಾಜೂಕ ಕುಂತೀಯಲ್ಲ... ಹೆಂಗ ಹೋಗ್ಲಿ?"

"ಏಳ್ತೀಯೋ ಇಲ್ವೋ?" ಶೇಖರಣ್ಣ ಗುಡುಗಿದ.

ಅವಳು ಮೇಜಿನ ಕೆಳಗೆ ಸೃಜನನ ಕೈ ಹಿಡಿದುಕೊಂಡಳು.

"ಇಲ್ರೀ."