ಹದಿನೆಂಟು ಹೊಲಿಗೆಯ ಚೀಲ

"ನಮ್ಮ ಮನ್ಯಾಗ ಕಳವಾಗೇತ್ರಿ. ಮಾಡಿದಾಕಿ ನನ್ನ ಒಡಹುಟ್ಟಿದ ತಂಗಿ!"

ಸೋಮವಾರ ಬೆಳಿಗ್ಗೆ ಕೊಟ್ಟೂರು ತಾಲ್ಲೂಕು ಕಚೇರಿಯ ಬೇವಿನ ಮರದ ಕೆಳಗೆ ನಾವಿನ್ನೂ ಮೇಜು ಒರೆಸುತ್ತಿದ್ದೆವು. ಹೊನ್ನೂರಸ್ವಾಮಿ ಬಂದವನೇ ಹೀಗೆ ಹೇಳಿ, ಬೆವರು ಒರೆಸಿಕೊಳ್ಳುತ್ತ ಬೆಂಚಿನ ಮೇಲೆ ಕೂತ. ಪೈಪು, ನಲ್ಲಿ ಮಾರುವ ಅಂಗಡಿ ಅವನದು. ಗೌರವಸ್ಥ, ಸ್ವಲ್ಪ ಮುಂಗೋಪಿ.

ನಾವು ಅಂದರೆ ಗೌಸಿಯಾ ಮತ್ತು ನಾನು. ಗೌಸಿಯಾ ಅಂಗವಿಕಲರ ಪುನರ್ವಸತಿ ಕಾರ್ಯಕರ್ತೆ. ಯಾರ ಪಿಂಚಣಿ ನಿಂತಿದೆ, ಯಾರಿಗೆ ಗುರುತಿನ ಚೀಟಿ ಬಂದಿಲ್ಲ, ಯಾರಿಗೆ ಬಸ್ ಪಾಸ್ ಬೇಕು, ಎಲ್ಲವೂ ಅವಳ ಮೇಜಿಗೇ ಬರುತ್ತವೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಸೋತಿದೆ. ಮೂರು ಚಕ್ರದ ಸ್ಕೂಟರಿನಲ್ಲಿ ತಾಲ್ಲೂಕೆಲ್ಲ ತಿರುಗುತ್ತಾಳೆ. ನಾನು ಜಂಬುನಾಥ, ಮೂವತ್ತೆಂಟು ವರ್ಷ ಈ ಊರಿನಲ್ಲಿ ಟಪಾಲು ಹಂಚಿ ನಿವೃತ್ತನಾದವನು. ಮನೆಯಲ್ಲಿ ಕೂತರೆ ಹೆಂಡತಿಗೆ ಕಾಟ ಎಂದು ಆ ಸ್ಕೂಟರಿನ ಹಿಂದೆ ಕೂತುಬಿಡುತ್ತೇನೆ. ಕಳೆದದ್ದು, ಕದ್ದದ್ದು ಏನಿದ್ದರೂ ಜನ ಠಾಣೆಗಿಂತ ಮೊದಲು ಗೌಸಿಯಾಳ ಬಳಿ ಬರುತ್ತಾರೆ. ಪ್ರತಿಸಲವೂ ಕಳ್ಳ ಯಾರೆಂದು ನಾನು ಮೊದಲು ಹೇಳುತ್ತೇನೆ, ಪ್ರತಿಸಲವೂ ಅದು ತಪ್ಪಾಗಿರುತ್ತದೆ. ಆದರೂ ನನಗೆ ಬುದ್ಧಿ ಬಂದಿಲ್ಲ.

"ಏನು ಹೋಗೇತಿ?" ಎಂದಳು ಗೌಸಿಯಾ.

"ನನ್ನ ತಮ್ಮ ಗಾದಿಲಿಂಗನ ಅರ್ಜಿ."

ಗಾದಿಲಿಂಗ ನನಗೂ ಗೊತ್ತು. ಮೂವತ್ತೆರಡು ವರ್ಷ, ಎತ್ತರದ ಆಳು. ಹುಟ್ಟಿನಿಂದ ಬುದ್ಧಿ ಬೆಳವಣಿಗೆ ನಿಧಾನ. ಮಾತು ಕಡಿಮೆ, ಓದು ಬರಹ ಬರದು. ಅವರವ್ವ ಗಾಳೆಮ್ಮ ಹೋದವರ್ಷ ತೀರಿಕೊಂಡ ಮೇಲೆ ಅದೇ ಮನೆಯಲ್ಲಿ ಅಣ್ಣನ ಆಸರೆಯಲ್ಲಿದ್ದಾನೆ. ಅವನಿಗೆ ತಾನೇ ಕಾನೂನಿನ ಪ್ರಕಾರ ಪಾಲಕನಾಗಬೇಕು, ಎಲ್ಲದಕ್ಕೂ ತಾನೇ ಸಹಿ ಮಾಡಬೇಕು, ಅವನನ್ನು ದಾವಣಗೆರೆ ಕಡೆಯ ಒಂದು ವಸತಿ ಕೇಂದ್ರಕ್ಕೆ ಸೇರಿಸಬೇಕು ಎಂದು ಹೊನ್ನೂರಸ್ವಾಮಿ ಅರ್ಜಿ ಬರೆಸಿದ್ದ. ಬುಧವಾರ ಜಿಲ್ಲಾ ಸಮಿತಿಯ ಅಧಿಕಾರಿ ವಿಚಾರಣೆಗೆ ಬರುವವರಿದ್ದರು.

"ನನ್ನ ಹತ್ರ ಯಾಕ ಬರೆಸ್ಲಿಲ್ಲ?"

"ನೀವು ನೂರೆಂಟು ಪ್ರಶ್ನೆ ಕೇಳ್ತೀರಿ ಮೇಡಂ. ಟೈಪ್ ಮಾಡೋನ ಹತ್ರ ಮಾಡಿಸಿದೆ. ಶುಕ್ರವಾರ ಮನ್ಯಾಗ ಗಾದ್ಯಾನ ಹೆಬ್ಬೆಟ್ಟು ಒತ್ತಿಸಿದ್ವಿ, ನಾಕು ಕಡೆ. ಟ್ರಂಕಿನ್ಯಾಗಿಟ್ಟು ಬೀಗ ಹಾಕಿದ್ದೆ. ಇವತ್ತು ನೋಡಿದ್ರ ಇಲ್ಲ. ಅರ್ಜಿ ಇನ್ನೊಂದು ಬರೀಬಹುದು ಬಿಡ್ರಿ. ಆದ್ರ ಮನ್ಯಾಗ ಕಳ್ಳರು ಹುಟ್ಟಿದ್ರ ಹೆಂಗ್ರಿ? ನಿನ್ನೆ ಹಗರಿಬೊಮ್ಮನಹಳ್ಳಿಯಿಂದ ನಮ್ಮ ಗೀತಮ್ಮ ಬಂದಿದ್ಲು. ಅವನ್ನ ದೂರ ಕಳಸಬ್ಯಾಡ, ನನ್ನ ಮನಿಗೆ ಕೊಡು ಅಂತ ಜಗಳ ತೆಗದ್ಲು."

ಕಳ್ಳಿ ಸಿಕ್ಕಳು ಎಂದು ನಾನು ಮೇಜು ತಟ್ಟಿದೆ. ಗೌಸಿಯಾ ನನ್ನ ಕಡೆ ನೋಡಲೂ ಇಲ್ಲ. ಸ್ಕೂಟರ್ ಚಾಲೂ ಮಾಡಿದಳು.

ಮನೆಯಲ್ಲಿ ಹೊನ್ನೂರಸ್ವಾಮಿಯ ಹೆಂಡತಿ ಹಂಪಕ್ಕ ಟ್ರಂಕು ತೆಗೆದು ತೋರಿಸಿದಳು. ಬೀಗ ಮುರಿದಿರಲಿಲ್ಲ. ಚಾವಿ ಇರುತ್ತಿದ್ದದ್ದು ಗಾಳೆಮ್ಮನ ಕಾಲದಿಂದಲೂ ಒಂದೇ ಕಡೆ, ಅಡುಗೆಮನೆಯ ಉಪ್ಪಿನ ಡಬ್ಬಿಯ ಹಿಂದೆ. ಟ್ರಂಕಿನಲ್ಲಿ ಮೇಲೆ ಗಾಳೆಮ್ಮನ ಸೀರೆಗಳು, ಅಡಿಯಲ್ಲಿ ಪ್ಲಾಸ್ಟಿಕ್ ಕವರು. ಕವರಿನಲ್ಲಿ ವೈದ್ಯರ ಸರ್ಟಿಫಿಕೇಟು, ಅಂಗವಿಕಲರ ಗುರುತಿನ ಚೀಟಿ, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಎಲ್ಲ ಇದ್ದವು. ಅರ್ಜಿ ಒಂದೇ ಇರಲಿಲ್ಲ.

"ಸೀರಿ ಕೆದರಿದ್ವೇನು?" ಎಂದು ಗೌಸಿಯಾ ಕೇಳಿದಳು.

"ಇಲ್ರೀ ಅಕ್ಕಾರ. ಒಂದು ಮಡಚೂ ಬದಲಾಗಿಲ್ಲ. ನಾನಾ ತೆಗದಿದ್ರೂ ಹಿಂಗ ಇಡಾಕ ಆಗ್ತಿರ್ಲಿಲ್ಲ," ಎಂದಳು ಹಂಪಕ್ಕ.

"ಚಾವಿ ಎಲ್ಲಿರ್ತೈತಿ ಅಂತ ಯಾರಿಗೆ ಗೊತ್ತು?"

"ಮೂರು ಮಂದಿಗೆ ಅಷ್ಟ," ಎಂದ ಹೊನ್ನೂರಸ್ವಾಮಿ. "ನನಗ, ಈಕಿಗೆ, ಗೀತಮ್ಮಗ."

"ನಿನ್ನೆ ಮನಿಗೆ ಮತ್ಯಾರು ಬಂದಿದ್ರು?"

"ಮುಂಜಾನೆ, ಗಾದ್ಯಾ ಕೆಲಸಕ್ಕ ಹೋಗೋ ಮಂಡಕ್ಕಿ ಭಟ್ಟಿ ರಹಿಮಾನ್ ಬಂದು ಚಾ ಕುಡಿದು ಹೋದ. ಮಧ್ಯಾಹ್ನ ಗೀತಮ್ಮನ್ನ ರೈಲಿಗೆ ಹತ್ತಿಸಾಕ ಈಕಿ ಹೋದ್ಲು, ನಾ ಅಂಗಡಿಗೆ ಹೋದೆ. ಮನಿ ಒಂದು ತಾಸು ಖಾಲಿ ಇತ್ತು."

"ಬೀಗ ಹಾಕಿದ್ರಾ?"

"ಇಲ್ರಿ. ಗಾದ್ಯಾ ಇದ್ದನಲ್ಲ."

ಗೌಸಿಯಾ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ಬೇರೆಯೇ ಪ್ರಶ್ನೆ ಹಾಕಿದಳು. "ಶುಕ್ರವಾರ ಹೆಬ್ಬೆಟ್ಟು ಒತ್ತಿಸುವಾಗ ಅವನ ಮುಂದ ಏನೇನು ಮಾತಾಡಿದ್ರಿ?"

"ಏನೈತ್ರಿ, ಎಲ್ಲ ಮಾತಾಡಿದ್ವಿ. ವಸತಿ ಕೇಂದ್ರದ ಮ್ಯಾನೇಜರೂ ಬಂದಿದ್ರು. ಈ ಕಾಗದ ಪಾಸಾದ್ರ ಮರುದಿನಾನ ಕರಕೊಂಡು ಹೋಗ್ತೀವಿ, ಇನ್ನ ಭಟ್ಟಿ ಗಿಟ್ಟಿ ಇಲ್ಲ ಅಂದ್ರು. ಅವಗೇನು ತಿಳೀತೈತ್ರಿ?"

ಹೊರಗೆ ಬಂದ ಕೂಡಲೇ ಗೌಸಿಯಾ ಗೀತಮ್ಮನಿಗೆ ಫೋನು ಮಾಡಿದಳು. ಗೀತಮ್ಮ ಅಂಗನವಾಡಿ ಟೀಚರು. ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸಿತು. ಮಂಗಳವಾರ ಮಧ್ಯಾಹ್ನದ ರೈಲಿಗೆ ಬಂದು ಅಣ್ಣನ ಮುಂದೆಯೇ ಆಣೆ ಮಾಡುತ್ತೇನೆ ಎಂದಳು.

ರಹಿಮಾನನ ಮಂಡಕ್ಕಿ ಭಟ್ಟಿಯಲ್ಲಿ ಆಗ ಕೆಲಸ ಜೋರಾಗಿತ್ತು. ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದಿಗೆ ಮಾತೇ ಕೇಳುತ್ತಿರಲಿಲ್ಲ. ಹಿಂದಿನ ಗೋಡೌನಿನಲ್ಲಿ ಗಾದಿಲಿಂಗ ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯುತ್ತಿದ್ದ. ನನ್ನನ್ನು ನೋಡಿ ನಕ್ಕ.

"ಪೋಸ್ಟ್ ಜಂಬಣ್ಣ. ಇವತ್ಯಾಕ ಬಂದಿ? ಸೋಮವಾರ ಲಾರಿ ಇಲ್ಲ. ಗುರುವಾರ ಲಾರಿ. ಆದಿತ್ಯವಾರ ಸೂಟಿ."

"ನಿನ್ನ ನೋಡಾಕ ಬಂದೆನಪ್ಪ," ಎಂದೆ. ಪಾಪದ ಹುಡುಗ ಅನ್ನಿಸಿತು. ಮೂವತ್ತೆರಡು ವರ್ಷದವನನ್ನು ಹುಡುಗ ಎಂದುಕೊಂಡೆನಲ್ಲ, ಈಗ ನೆನೆದರೆ ನಾಚಿಕೆಯಾಗುತ್ತದೆ.

ರಹಿಮಾನ್ ಮಾತಾಡುತ್ತ ಚಡಪಡಿಸುತ್ತಿದ್ದ. "ಆಪಾ, ಅವನು ಹೋದ್ರ ನನ್ನ ಬಲಗೈ ಹೋದಂಗ. ಹತ್ತು ವರ್ಷದಾಗ ಅವನು ಹೊಲಿದ ಒಂದು ಚೀಲ ಬಿಚ್ಚಿಲ್ಲ. ಒಂದು ಚೀಲಕ್ಕ ಒಂಬತ್ತು ಹೊಲಿಗಿ ಅಂದ್ರ ಒಂಬತ್ತಾ. ನಿನ್ನೆ ಸೂಟಿ ಇದ್ರೂ ಸಂಜೀಮುಂದ ಬಂದು, ದಬ್ಬಣ ಬೇಕು ಅಂತ ಗೋಡೌನ್ ತೆಗಿಸಿದ ನೋಡ್ರಿ, ಪಾಪ."

ನಾನು ಗೌಸಿಯಾಳ ಕಿವಿಯಲ್ಲಿ, "ಇವನಾ ಕಳ್ಳ. ಚಾ ಕುಡಿಯಾಕ ಹೋದಾಗ ಎತ್ಯಾನ," ಎಂದೆ. ಅವಳು ಊರುಗೋಲು ಊರುತ್ತ, ಲಾರಿಗೆಂದು ಬಾಗಿಲ ಬಳಿ ಒಟ್ಟಿದ್ದ ಚೀಲಗಳ ಸಾಲಿನ ಮುಂದೆ ನಿಧಾನವಾಗಿ ನಡೆದಳು. ಪ್ರತಿ ಚೀಲದ ಬಾಯಿಯ ಮೇಲೂ ಬೆರಳಾಡಿಸಿದಳು. ಒಂದು ಚೀಲದ ಮುಂದೆ ಬಹಳ ಹೊತ್ತು ನಿಂತಳು. ತಿರುಗಿ ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು. ಭಟ್ಟಿಯ ಹೊಗೆ ಇರಬೇಕು ಎಂದುಕೊಂಡೆ.

"ಆ ಚೀಲ ಯಾರೂ ಮುಟ್ಟಬ್ಯಾಡ್ರಿ," ಎಂದು ರಹಿಮಾನನಿಗೆ ಹೇಳಿದಳು. "ನಾಳೆ ಎಲ್ಲರೂ ಇಲ್ಲೇ ಕೂಡೋಣು."

ಮಂಗಳವಾರ ಮಧ್ಯಾಹ್ನ ಭಟ್ಟಿಯ ಬೆಂಕಿ ಆರಿಸಿ ಎಲ್ಲರೂ ಗೋಡೌನಿನಲ್ಲಿ ಕೂತೆವು. ಅಣ್ಣ ಒಂದು ಮೂಲೆ, ತಂಗಿ ಒಂದು ಮೂಲೆ. ನಡುವೆ ಹಂಪಕ್ಕ. ರಹಿಮಾನ್ ಬಾಗಿಲಿಗೆ ಒರಗಿದ್ದ. ಗಾದಿಲಿಂಗ ತನ್ನ ಜಾಗದಲ್ಲೇ ಕೂತಿದ್ದ.

ಗೌಸಿಯಾ ಮಾತು ಶುರುಮಾಡಿದಳು. "ಗೀತಮ್ಮ ತಗೊಂಡಿಲ್ಲ. ಆಕಿ ದಿನಾ ಅರ್ಜಿ ತುಂಬಾಕಿ. ಅರ್ಜಿ ಹೋದ್ರ ಅರ್ಧ ತಾಸಿನ್ಯಾಗ ಇನ್ನೊಂದು ಬರ್ತೈತಿ ಅಂತ ಆಕಿಗೆ ಗೊತ್ತು. ಕೆಲಸ ನಿಲ್ಲಿಸಬೇಕಂದಿದ್ರ ವೈದ್ಯರ ಸರ್ಟಿಫಿಕೇಟ್ ಎತ್ತತಿದ್ಲು. ಅದನ್ನ ಮತ್ತ ಮಾಡಿಸಾಕ ತಿಂಗಳುಗಟ್ಲೆ ಅಲೀಬೇಕು. ರಹಿಮಾನಗೂ ಅದಾ ಮಾತು. ಮ್ಯಾಲೆ, ಅವಗ ಚಾವಿ ಎಲ್ಲೈತಿ ಗೊತ್ತಿಲ್ಲ. ಹಂಪಕ್ಕ ಸ್ಟೇಷನ್‌ನ್ಯಾಗಿದ್ಲು."

"ಹಂಗಾರ ನಾನಾ ಕದ್ದೆನೇನ್ರಿ?" ಎಂದ ಹೊನ್ನೂರಸ್ವಾಮಿ.

"ತಡೀರಿ. ಬೆಲೆ ಇರೋ ಕಾಗದ ಬಿಟ್ಟು ಅರ್ಜಿ ಒಂದಾ ತಗೊಂಡೋರಿಗೆ ಓದಾಕ ಬರಂಗಿಲ್ಲ ಅಂದಂಗಾತು. ಓದಾಕ ಬರದೋರು ಐದರಾಗ ಸರಿಯಾಗಿ ಅದನ್ನಾ ಹೆಂಗ ಆರಿಸಿದ್ರು? ಅದರ ಮ್ಯಾಲಷ್ಟ ನಾಕು ಹೆಬ್ಬೆಟ್ಟು ಇದ್ವು. ತನ್ನ ಹೆಬ್ಬೆಟ್ಟು ಒತ್ತಿದ ಕಾಗದ ಯಾರಿಗೆ ಗುರುತು ಸಿಗಂಗಿಲ್ಲ?"

ಗೌಸಿಯಾ ಅಣ್ಣನ ಕಡೆ ತಿರುಗಿದಳು.

"ಹೊನ್ನೂರಸ್ವಾಮಿಯೋರೆ, ಮನಿ ಖಾಲಿ ಇತ್ತು ಅಂದ್ರಿ. ಬೀಗ ಯಾಕ ಹಾಕ್ಲಿಲ್ಲ ಅಂದ್ರ, ಗಾದ್ಯಾ ಇದ್ದ ಅಂದ್ರಿ. ಚಾವಿ ಗೊತ್ತಿದ್ದೋರು ಮೂರೇ ಮಂದಿ ಅಂದ್ರಿ. ಅವ್ವನ ಜೊತಿ ಮೂವತ್ತು ವರ್ಷ ಅದಾ ಮನ್ಯಾಗ ಇದ್ದೋನನ್ನ ಎಣಿಸಲೇ ಇಲ್ಲ. ಅವ್ವನ ಸೀರಿ ಮಡಚು ಹಂಗಾ ಇಡಾಕ ಅವನಿಗಲ್ಲದ ಮತ್ಯಾರಿಗೆ ಬರ್ತೈತಿ? ಆದಿತ್ಯವಾರ ಸೂಟಿ ಅಂತ ನಮಗಾ ಹೇಳಿದೋನು, ಆದಿತ್ಯವಾರಾನಾ ಭಟ್ಟಿಗೆ ಬಂದು ದಬ್ಬಣ ಕೇಳ್ಯಾನ. ಮರೆತು ಬಂದಿಲ್ಲ, ಕೆಲಸ ಇಟಗೊಂಡಾ ಬಂದಾನ."

ಗೌಸಿಯಾ ಚೀಲದ ಸಾಲಿನ ಕಡೆ ಕೈ ತೋರಿಸಿದಳು. "ಎಲ್ಲಾ ಚೀಲಕ್ಕೂ ಒಂಬತ್ತು ಹೊಲಿಗಿ. ಈ ಒಂದಕ್ಕ ಹದಿನೆಂಟು. ಇದನ್ನ ಮೂಲ್ಯಾಗ ಬಚ್ಚಿಟ್ಟಿಲ್ಲ, ಲಾರಿಗೆ ಮೊದ್ಲು ಏರೋ ಜಾಗದಾಗ ಇಟ್ಟಾನ. ತನ್ನನ್ನ ಊರು ಬಿಡಿಸೋ ಕಾಗದಾನ ಗುರುವಾರ ಊರು ಬಿಡಿಸಾಕ ಹೊಂಟಿದ್ದ. ಮ್ಯಾನೇಜರ್ ಆಡಿದ ಒಂದೊಂದು ಮಾತೂ ಅವಗ ತಿಳಿದೈತಿ."

ಸರ್ಕಾರಿ ನೌಕರಿ ಮಾಡಿ ಬಂದ ನನಗೆ ಇಷ್ಟು ಅಚ್ಚುಕಟ್ಟಾದ ಉಪಾಯ ಹೊಳೆಯುತ್ತಿರಲಿಲ್ಲ.

ರಹಿಮಾನ್ ಕುಡುಗೋಲು ತಂದ. ಗೌಸಿಯಾ ತಡೆದಳು. "ಗಾದಿಲಿಂಗ, ನೀ ಹೊಲಿದಿದ್ದು. ಬಿಚ್ಚಬೇಕಾದ್ರ ನೀನಾ ಬಿಚ್ಚಬೇಕು. ಬ್ಯಾಡಂದ್ರ ಬ್ಯಾಡ."

ಗಾದಿಲಿಂಗ ಅವಳನ್ನು ನೋಡಿದ, ಅಣ್ಣನನ್ನು ನೋಡಿದ. ಎದ್ದು ಬಂದು ಹದಿನೆಂಟು ಹೊಲಿಗೆಯನ್ನೂ ಒಂದೊಂದಾಗಿ ಬಿಚ್ಚಿದ. ಮಂಡಕ್ಕಿಯೊಳಗೆ ಮೊಳಕೈವರೆಗೆ ಕೈ ಹಾಕಿ ಕಾಗದ ತೆಗೆದು ಗೌಸಿಯಾಳಿಗೆ ಕೊಟ್ಟ. ನೇರಳೆ ಮಸಿಯ ನಾಲ್ಕು ಹೆಬ್ಬೆಟ್ಟು, ಒಂದು ಸುಕ್ಕೂ ಇರಲಿಲ್ಲ.

ಹೊನ್ನೂರಸ್ವಾಮಿಯ ದನಿ ಗಟ್ಟಿಯಾಯಿತು. "ನಾನೇನು ಕಟುಕನೇನ್ರಿ? ಹೋದವರ್ಷ ನನ್ನ ಎದಿಗೆ ಸ್ಟೆಂಟ್ ಹಾಕ್ಯಾರ. ನಾ ನಾಳೆ ಸತ್ರ ಇವಗ್ಯಾರು? ಅದಕ್ಕಂತ ಕಳಸಾಕ ಹೊಂಟಿದ್ದೆ."

"ನಿಮ್ಮ ಚಿಂತಿ ಖರೇ ಐತಿ," ಎಂದಳು ಗೌಸಿಯಾ. ಈಗ ಅವಳ ದನಿ ಮೆತ್ತಗಾಗಿತ್ತು. "ಆದ್ರ ಕಾನೂನಿನ್ಯಾಗ ಇನ್ನೊಂದು ದಾರಿ ಐತಿ, ಸೀಮಿತ ಪಾಲಕತ್ವ ಅಂತಾರ. ಎಲ್ಲಿ ನೆರವು ಬೇಕೋ ಅಲ್ಲಷ್ಟ ನೀವು. ಅದೂ ಅವನ್ನ ಕೇಳಿ, ಇಬ್ರೂ ಕೂಡಿ ನಿರ್ಧಾರ ಮಾಡಬೇಕು. ಅವನ ಪಿಂಚಣಿ ಅವನ ಖಾತೆಗೆ, ಅವನ ಕೆಲಸ ಅವಗ. ನಾಳೆ ನಿಮಗೇನರೆ ಆದ್ರ ಗೀತಮ್ಮ ಆ ಜಾಗಕ್ಕ ಬರಾಕ ಅರ್ಜಿ ಹಾಕಬಹುದು. ಅವನು ಬೀದಿಗೆ ಬೀಳಂಗಿಲ್ಲ."

"ಕೂಡಿ ನಿರ್ಧಾರ ಮಾಡಾಕ ಅವಗೇನು ತಿಳೀತೈತ್ರಿ?"

"ನನ್ನ ಯಾಕ ಕೇಳ್ತೀರಿ? ಕಾಗದ ಯಾಕ ಬಚ್ಚಿಟ್ಟೆ ಅಂತ ಅವನ್ನ ಕೇಳ್ರಿ."

ಹೊನ್ನೂರಸ್ವಾಮಿ ತಮ್ಮನ ಕಡೆ ತಿರುಗಿದ. "ಯಾಕಲೇ ಗಾದ್ಯಾ? ಭಟ್ಟಿ ಬಿಟ್ಟು ಹೋಗಾಕ ಮನಸಿಲ್ಲೇನು?"

ಗಾದಿಲಿಂಗ ತಲೆ ಅಡ್ಡ ಆಡಿಸಿದ. ಮಾತು ಕೂಡಿಸಿಕೊಳ್ಳಲು ಅವನಿಗೆ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

"ಡಾಕ್ಟರ್ ಅಂದಾರ, ಅಣ್ಣ ಭಾರ ಎತ್ತಬಾರದು. ಅಂಗಡಿ ಶಟರ್ ಭಾರ ಐತಿ. ದಿನಾ ನಾ ಎತ್ತತೀನಿ. ಎತ್ತಿ ಭಟ್ಟಿಗೆ ಬರ್ತೀನಿ. ನಾ ಹೋದ್ರ ಅಣ್ಣ ಎತ್ತತಾನ. ಅಣ್ಣ ಸಾಯ್ತಾನ."

ತಮ್ಮನನ್ನು ಕಾಯುವವನು ತಾನೆಂದೇ ಹೊನ್ನೂರಸ್ವಾಮಿ ತಿಳಿದಿದ್ದ. ವರ್ಷದಿಂದ ದಿನಾ ಬೆಳಿಗ್ಗೆ ತನ್ನ ಜೀವ ಕಾಯುತ್ತಿದ್ದವನು ಎದುರಿಗೇ ನಿಂತಿದ್ದ. ಅಷ್ಟು ದೊಡ್ಡ ಮನುಷ್ಯ ಎಲ್ಲರ ಮುಂದೆ ಗಳಗಳ ಅತ್ತುಬಿಟ್ಟ. ಮೂಲೆಯಿಂದ ಗೀತಮ್ಮ ಎದ್ದು ಬಂದು ಅಣ್ಣನ ಬೆನ್ನ ಮೇಲೆ ಕೈ ಇಟ್ಟಳು.

"ನಿನ್ನ ಒಂದು ಮಾತು ಕೇಳಬೇಕಿತ್ತಲೇ," ಎಂದ ಹೊನ್ನೂರಸ್ವಾಮಿ.

"ಹೂಂ," ಎಂದ ಗಾದಿಲಿಂಗ. "ಕೇಳಬೇಕಿತ್ತು."

ನಾನು ಎಷ್ಟೋ ಮನೆಗೆ ಸಾವಿನ ತಂತಿ ಕೊಟ್ಟು ಕಣ್ಣೊರೆಸಿಕೊಳ್ಳದೆ ತಿರುಗಿ ಬಂದವನು. ಆ ಹೊತ್ತು ಮಾತ್ರ ಟವೆಲಿನಿಂದ ಮುಖ ಮುಚ್ಚಿಕೊಂಡೆ.

ಅದೇ ಗೋಡೌನಿನಲ್ಲಿ ಗೌಸಿಯಾ ಹೊಸ ಅರ್ಜಿ ಬರೆದಳು. ಒಂದೊಂದು ಸಾಲನ್ನೂ ಅಣ್ಣನೇ ತಮ್ಮನಿಗೆ ಓದಿ, ಆಡುಮಾತಿನಲ್ಲಿ ಬಿಡಿಸಿ ಹೇಳಬೇಕೆಂದು ಹಟ ಹಿಡಿದಳು. ಗಾದಿಲಿಂಗ ಪ್ರತಿ ಸಾಲಿಗೂ ಯೋಚಿಸಿ ಹೂಂ ಎನ್ನುತ್ತಿದ್ದ. ಪಾಸ್‌ಬುಕ್ಕು ಅಣ್ಣನ ವಶದಲ್ಲಿರುತ್ತದೆ ಎಂಬ ಸಾಲು ಬಂದಾಗ ಮಾತ್ರ, "ಬ್ಯಾಡ. ನನ್ನ ಹತ್ರ ಇರ್ಲಿ," ಎಂದ. ಹೊನ್ನೂರಸ್ವಾಮಿ ಪೆನ್ನು ಇಸಿದುಕೊಂಡು ಆ ಸಾಲನ್ನು ತಾನೇ ಹೊಡೆದುಹಾಕಿದ.

ಬುಧವಾರ ವಿಚಾರಣೆಗೆ ಬಂದ ಅಧಿಕಾರಿ ಕನ್ನಡಕ ಏರಿಸಿ ಆ ಕಾಗದ ನೋಡಿದರು. "ಅರ್ಜಿದಾರರು ನೀವು. ನಡುವೆ ಈ ಸಾಲು ಯಾರು ಹೊಡೆದದ್ದು?" ಎಂದು ಕೇಳಿದರು.

ಹೊನ್ನೂರಸ್ವಾಮಿ ಎದ್ದು ನಿಂತ. ಅವನ ಎದೆ ಉಬ್ಬಿದ್ದನ್ನು ನಾನು ಕಣ್ಣಾರೆ ಕಂಡೆ.

"ಕೈ ನಂದ್ರಿ ಸಾಹೇಬ್ರ," ಎಂದ. "ಹೊಡೆಸಿದೋನು ನನ್ನ ತಮ್ಮ."