ಪ್ಲೈವುಡ್ ಮೇಡಂ

"ಡಿಕ್ಕಿಯೊಳಗ ಕೂಡ್ತದರೀ, ಖರೆ. ಆದರ ಒಳಗ ಹೋಗೂದು ಹ್ಯಾಂಗ?"

ನಾನು ಅವನಿಗೆ ಹೇಳಿದ ಮೊದಲ ಮಾತು ಇದು. ಹೇಳಿದ್ದು ಅಡುಗೆಮನೆ ಕಿಟಕಿಯ ಕಂಬಿಗಳ ಹಿಂದಿನಿಂದ, ಕೈಯಲ್ಲಿ ಅರ್ಧ ಹೆಚ್ಚಿದ ಈರುಳ್ಳಿ ಹಿಡಿದುಕೊಂಡು.

ಅವನ ಹೆಸರು ಮಜರ್. ಕಮಲಾಪುರದವನು. ಕಾರುಗಳಿಗೆ ಹಾಡು ಗುಡುಗಿಸುವ ದೊಡ್ಡ ಸ್ಪೀಕರಿನ ವೂಫರ್ ಡಬ್ಬಿ ಮಾಡಿ ಕೂರಿಸುವ ಕೆಲಸ. ಗಾಡಿ ನಿಂತಲ್ಲಿಗೇ ಬಂದು, ಆ ಗಾಡಿಯ ಅಳತೆಗೇ ಡಬ್ಬಿ ಮಾಡುತ್ತಾನೆ ಅಂತ ನನ್ನ ತಮ್ಮ ಫುರ್ಕಾನ್ ಅವನನ್ನು ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಗೆ ಕರೆಸಿದ್ದ. ಸೋಮವಾರ ಬೆಳಿಗ್ಗೆ ನಮ್ಮ ಸೆಕೆಂಡ್ ಹ್ಯಾಂಡ್ ಕಾರಿನ ಡಿಕ್ಕಿಯ ಒಳಗಿನ ಅಗಲವನ್ನೆಲ್ಲ ಅಳೆದು, ಪೆನ್ಸಿಲಿನಿಂದ ಪ್ಲೈವುಡ್ ಮೇಲೆ ಬರೆದುಕೊಂಡಿದ್ದ. ಡಿಕ್ಕಿಯ ಬಾಯಿ ಅಳೆಯುವುದನ್ನು ಮರೆತಿದ್ದ.

ಅವನು ಕಿಟಕಿ ನೋಡಿದ, ಡಿಕ್ಕಿ ನೋಡಿದ, ಮತ್ತೆ ಕಿಟಕಿ ನೋಡಿದ. ಕಿವಿ ಕೆಂಪಾಯಿತು. ಗಂಡಸರ ಕಿವಿ ಕೆಂಪಾಗುವುದನ್ನು ನಾನು ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ಚೆನ್ನಾಗಿಯೇ ಇತ್ತು.

"ಹತ್ತು ವರ್ಷಾತ್ರೀ ಈ ಕೆಲಸ ಮಾಡಾಕತ್ತು," ಅಂದ. "ಈ ಮಾತು ಯಾರೂ ಅಂದಿದ್ದಿಲ್ಲ."

"ಹಂಗಾದ್ರ ಹತ್ತು ವರ್ಷದಾಗ ಎಷ್ಟು ಡಬ್ಬಿ ಹೊರಗ ಉಳದಾವ?"

ನಕ್ಕುಬಿಟ್ಟ. ಡಬ್ಬಿಯನ್ನು ಎರಡು ತುಂಡು ಮಾಡಿ ಡಿಕ್ಕಿಯ ಒಳಗೇ ಜೋಡಿಸುತ್ತೇನೆ ಅಂದ. ಫುರ್ಕಾನ್ ಫೋನಿನಲ್ಲಿ ಮುಳುಗಿದ್ದರಿಂದ ಟೇಪಿನ ಒಂದು ತುದಿಯನ್ನು ಕಂಬಿಯ ನಡುವಿನಿಂದ ನನಗೇ ಕೊಟ್ಟ. ನಾನು ಹಿಡಿದೆ. ಇನ್ನೊಂದು ತುದಿಯಲ್ಲಿ ಅವನು ಹಲಗೆಗೆ ಗೆರೆ ಎಳೆದ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಎಳೆದ.

ನಮ್ಮ ಮನೆಯಲ್ಲಿ ಆಡುವುದು ದಖನಿ ಉರ್ದು, ಅವನ ಮನೆಯಲ್ಲೂ ಅದೇ. ಆದರೂ ನಾವಿಬ್ಬರು ಮೊದಲ ದಿನದಿಂದ ಕನ್ನಡದಲ್ಲೇ ಮಾತಾಡಿದೆವು. ಕಾರಣ ಸಣ್ಣದು. ನಮ್ಮ ಅಮ್ಮಿ ಚಾಂದಬಿ ಹೈದರಾಬಾದಿನ ಕಡೆಯವಳು, ತರಕಾರಿ ಕೊಳ್ಳುವಷ್ಟು ಮಾತ್ರ ಕನ್ನಡ ಬರುತ್ತದೆ. ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರೂ ನಮ್ಮ ಮಾತಿನಲ್ಲಿ ಬದನೆಕಾಯಿ ಬರದಿದ್ದರೆ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ.

ನಾನು ಕಿಟಕಿಯ ಹಿಂದೆ ಕೂತು ಎರಡು ತಿಂಗಳಾಗಿತ್ತು. ಅದಕ್ಕೆ ಮುಂಚೆ ಸ್ಟೇಶನ್ ಬಜಾರದ ಒಂದು ಲ್ಯಾಬಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ರಿಪೋರ್ಟು ಟೈಪ್ ಮಾಡುತ್ತಿದ್ದೆ. ಅಜರ್ ಎಂಬವನ ಮನೆಯವರು ಹೆಣ್ಣು ನೋಡಲು ಬಂದು ಹೋದ ಮರುದಿನವೇ ನಮ್ಮವರು ಕೆಲಸ ಬಿಡಿಸಿದರು. ಬಿಸಿಲಿಗೆ ಬಣ್ಣ ಹೋಗುತ್ತದಂತೆ. ಅಜರ್‌ಗೆ ಬೀದರದಲ್ಲಿ ಟೈಲ್ಸ್ ಅಂಗಡಿ. ಅವನು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಚಶ್ಮಾ ಹಾಕ್ತೀಯಾ ಅಂತ. ಇಲ್ಲ ಅಂದೆ. ಅಲ್ಲಿಗೆ ನನ್ನ ಬಗ್ಗೆ ತಿಳಿಯಬೇಕಾದದ್ದೆಲ್ಲ ಅವನಿಗೆ ತಿಳಿದುಹೋಯಿತು.

ಆಮೇಲೆ ನಮ್ಮ ಸೋದರತ್ತೆ ಬಂದು "ಬೇಟಿ, ರಾಜಿ ಇದ್ದೀಯಲ್ಲ?" ಅಂದಾಗ ಮಾತೇ ಹೊರಡಲಿಲ್ಲ. ನಮ್ಮ ಮನೆಗಳ ರಿವಾಜಿನಲ್ಲಿ ಹುಡುಗಿ ಸುಮ್ಮನಿದ್ದರೆ ಹಾಂ ಅಂತ ಅರ್ಥ. ಇಲ್ಲ ಅನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಯಾರೋ ಮಿಠಾಯಿ ಹಾಕಿದರು.

ಶುಕ್ರವಾರ ಮಂಗನಿ. ಅವತ್ತು ನಿಶ್ಚಯದ ಉಂಗುರ ತೊಡಿಸುವ ಶಾದಿಖಾನೆಯವರೆಗೆ ಅಕ್ಕನ ಕಾರು ಧಡಧಡ ಅನ್ನುತ್ತಾ ಹೋಗಬೇಕು ಅನ್ನುವುದು ಫುರ್ಕಾನನ ಆಸೆ. ಡಬ್ಬಿ ಮುಗಿದರೆ ನಾನೂ ಮುಗಿದಂತೆ.

ಮಂಗಳವಾರ ಮಜರ್ ಹಲಗೆ ಕೊಯ್ದ. ನನ್ನ ನಂಬರ್ ಕೇಳಿ ಇಟ್ಟುಕೊಂಡು, ಅಳತೆಯ ಚೀಟಿಗಳ ಫೋಟೋ ನನ್ನ ಫೋನಿಗೆ ಕಳಿಸುತ್ತಿದ್ದ, ಕೂಡಿಸಿ ಕಳೆದು ತಪ್ಪು ಹೇಳಲು. ತಪ್ಪು ಇರುತ್ತಿರಲಿಲ್ಲ. ನಾನು ಒಂದೆರಡು ಹುಡುಕಿ ಕೊಡುತ್ತಿದ್ದೆ. ಊರಿನಿಂದ ಕೆಂಪು ಬಾಳೆಹಣ್ಣಿನ ಚಿಪ್ಪು ತಂದಿದ್ದ. ಅಮ್ಮಿಯ ಕೈಗೆ ಕೊಡುತ್ತಾ, "ನಿಮ್ಮೆಲ್ಲರಿಗೂ," ಅಂದ. ಕಣ್ಣು ಮಾತ್ರ ಅಷ್ಟು ಜನರನ್ನು ನೋಡಲಿಲ್ಲ.

ಬುಧವಾರ ಡಬ್ಬಿಯ ಸಂದಿಗಳಿಗೆ ಅಂಟು ಹಚ್ಚಿದ. ಅಂಟು ಒಣಗದಿರಲಿ ಅಂತ ಈ ಊರಿನಲ್ಲಿ ದುವಾ ಮಾಡಿದವಳು ನಾನೊಬ್ಬಳೇ ಇರಬೇಕು. ಅದೂ ಮೇ ತಿಂಗಳಲ್ಲಿ, ಕಲಬುರಗಿಯಲ್ಲಿ. ಹನ್ನೊಂದು ಗಂಟೆಗೆಲ್ಲ ಒಣಗಿ ಕಲ್ಲಾಯಿತು.

"ಶುಕ್ರವಾರದ ಮಂಗನಿ ಯಾರದರೀ?" ಸ್ಕ್ರೂ ತಿರುಗಿಸುತ್ತಾ ಕೇಳಿದ.

"ನಂದು."

ಅವನ ಕೈ ನಿಂತಿತು. ಮಂಗನಿ ಅನ್ನುವ ಮಾತು ಕಿವಿಗೆ ಬಿದ್ದು ಅಮ್ಮಿ ಅಕ್ಕಿಯಿಂದ ತಲೆ ಎತ್ತಿದಳು. ಅವನು ಮತ್ತೆ ತಿರುಗಿಸತೊಡಗಿದ.

"ಹುಡುಗ ನಿಮ್ಮ ಮನಸಿಗೆ ಬಂದಾನ?"

"ಅದನ್ನ ಯಾರೂ ಕೇಳಿಲ್ಲ."

"ನಾ ಕೇಳಾಕತ್ತೀನಲ್ರೀ."

ನನಗೆ ಆಗಲೂ ಮಾತು ಬರಲಿಲ್ಲ. ಆದರೆ ಅವನು ಅದನ್ನು ಹಾಂ ಅಂತ ತಿಳಿಯಲಿಲ್ಲ, ಇಲ್ಲ ಅಂತಲೂ ತಿಳಿಯಲಿಲ್ಲ. ಸ್ಕ್ರೂಡ್ರೈವರ್ ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಾ ಕೂತ. ನನ್ನ ಉತ್ತರಕ್ಕಾಗಿ ಒಬ್ಬ ಮನುಷ್ಯ ಕಾಯುವುದನ್ನು ಮೊದಲ ಸಲ ನೋಡಿದೆ. ಅವನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ. ಅಷ್ಟರಲ್ಲಿ ಹಾಲು ಉಕ್ಕಿತು, ಅಮ್ಮಿ ಕೂಗಿದಳು, ನಾನು ಓಡಿದೆ.

ಗುರುವಾರ ಸಂಜೆ ಐದಕ್ಕೆ ಅಜರ್‌ನ ತಾಯಿ, ಅವನ ಚಿಕ್ಕಪ್ಪ ಶಫಿ ಚಾಚಾ ಬಂದರು, ಮರುದಿನದ ಮಾತು ಮುಗಿಸಲು. ಅಂಗಳದಲ್ಲಿ ಕುರ್ಚಿ ಹಾಕಿದರು. ಅದೇ ಹೊತ್ತಿಗೆ ಡಬ್ಬಿಯೂ ತಯಾರಾಗಿತ್ತು, ಕಪ್ಪು ಕಾರ್ಪೆಟ್ ಹೊದ್ದುಕೊಂಡು ಡಿಕ್ಕಿಯಲ್ಲಿ ಕೂತಿತ್ತು. ಬೀಗರ ಮುಂದೆ ತೋರಿಸಬೇಕು ಅಂತ ಫುರ್ಕಾನ್ ಕುಣಿದ. ಮಜರ್ ಮುಖ ಕೆಳಗೆ ಹಾಕಿಕೊಂಡೇ ತನ್ನ ಫೋನನ್ನು ಬ್ಲೂಟೂತಿಗೆ ಜೋಡಿಸಿ ಹಾಡು ಹಚ್ಚಿದ. ಅಡುಗೆಮನೆಯ ಸ್ಟೀಲ್ ತಟ್ಟೆಗಳು ಗಡಗಡ ಅಂದವು.

ಹಾಡು ಥಟ್ಟನೆ ನಿಂತು ರಿಂಗ್ ಕೇಳಿಸಿತು. ಫುರ್ಕಾನ್ ಸ್ಟೀರಿಯೋದ ಹಸಿರು ಗುಂಡಿ ಒತ್ತಿದ. ಕಮಲಾಪುರದಿಂದ ಮಜರ್‌ನ ತಾಯಿಯ ದಖನಿ ಇಡೀ ಓಣಿಗೆ ಗುಡುಗಿತು. ಕನ್ನಡದಲ್ಲಿ ಹೇಳುವುದಾದರೆ, "ಮಜರ್! ಬರೂವಾಗ ಅರ್ಧ ಕೆಜಿ ಖೀಮಾ ತಗೊಂಬಾ. ನಿಮ್ಮ ಅಬ್ಬಾಗ ಹಲ್ಲು ನೋವದ, ಮೆತ್ತಂದು ಕೊಡಾಕ ಹೇಳು!"

ಎಲ್ಲರೂ ನಕ್ಕರು. ಅಜರ್‌ನ ತಾಯಿಯೂ ಸೆರಗಿನ ಮರೆಯಲ್ಲಿ ನಕ್ಕಳು. ಮಜರ್‌ನ ಕಿವಿ ಕಾದ ತವೆಯ ಹಾಗಾಯಿತು.

ನಗು ಇಳಿದ ಮೇಲೆ ಶಫಿ ಚಾಚಾ ನಮ್ಮ ಅಬ್ಬಾ ಕರೀಂಸಾಬ್ ಕಡೆ ತಿರುಗಿ ಕೇಳಿದರು. "ಬೇಟಿ ಕ್ಯಾ ಬೋಲ್ತಿ?" ಮಗಳು ಏನಂತಾಳೆ ಅಂತ.

"ಕುಛ್ ಬೋಲಿಚ್ ನೈ," ಅಂದರು ಅಬ್ಬಾ ಹೆಮ್ಮೆಯಿಂದ. ಏನೂ ಅಂದಿಲ್ಲ. "ಮತ್ಲಬ್ ಹಾಂಚ್ ನಾ." ಅಂದರೆ ಹೌದು ಅಂತಲೇ ತಾನೇ.

ಅಂಗಳಕ್ಕೂ ನನಗೂ ನಡುವೆ ಆರು ಕಂಬಿ. ಹೊರಗೆ ಬೀಗರು, ಒಳಗೆ ಅಮ್ಮಿ, ಬಾಗಿಲ ಹತ್ತಿರ ಅತ್ತೆ, ಅವಳ ಕೈಯಲ್ಲಿ ಮಿಠಾಯಿ ತಟ್ಟೆ. ಉಸಿರಾಡಲು ಜಾಗ ಇರಲಿಲ್ಲ. ಆದರೆ ಕೈಯಲ್ಲಿ ಫೋನ್ ಇತ್ತು. ಮಜರ್‌ನ ನಂಬರಿಗೆ ಒತ್ತಿದೆ.

ಕಾರಿನಲ್ಲಿ ಮತ್ತೆ ರಿಂಗಾಯಿತು. ಸ್ಟೀರಿಯೋದಲ್ಲಿ ಮೂಡಿದ ಹೆಸರನ್ನು ಫುರ್ಕಾನ್ ಎಲ್ಲರಿಗೂ ಕೇಳುವಂತೆ ಓದಿದ. "ಪ್ಲೈವುಡ್ ಮೇಡಂ! ಗಿರಾಕಿ ಇರಬೇಕು!"

ಮಜರ್ ಕೈ ಚಾಚಿದ, ತಡವಾಯಿತು. ಫುರ್ಕಾನ್ ಒತ್ತಿಬಿಟ್ಟಿದ್ದ.

"ಅಬ್ಬಾ, ಮೈ ಕೌಸರ್," ಅಂದೆ. ನನ್ನ ಧ್ವನಿ ಡಿಕ್ಕಿಯೊಳಗಿಂದ ಪೈಲ್ವಾನನ ಧ್ವನಿಯಾಗಿ ಬಂತು. "ಮೇರೆಕು ಯೇ ಶಾದಿ ನಕ್ಕೋ."

ನಾನು ಕೌಸರ್, ನನಗೆ ಈ ಮದುವೆ ನಕ್ಕೋ, ಅಂದರೆ ಬೇಡ. ಅದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ಎದುರುಮನೆಯ ನೂರಜಹಾನ್ ಆಪಾ ಕೂಡ ಬಾಲ್ಕನಿಗೆ ಬಂದಳು.

ಅಬ್ಬಾ ಎದ್ದರು. ನೇರ ನನ್ನ ಕಡೆ ಬರುತ್ತಾರೆ ಅಂತ ಹೆದರಿದೆ. ಅವರು ಡಿಕ್ಕಿಯ ಹತ್ತಿರ ಹೋಗಿ, ಬಗ್ಗಿ, ವೂಫರಿನ ಹತ್ತಿರ ಬಾಯಿ ಇಟ್ಟು ಕೇಳಿದರು. "ಬೇಟಾ, ಮೊದಲ ಯಾಕ ಹೇಳಲಿಲ್ಲ?" ವೂಫರಿಗೆ ಮಾತು ಕೇಳಿಸುವುದಿಲ್ಲ ಅಂತ ಪಾಪ ಅವರಿಗೆ ಗೊತ್ತಿಲ್ಲ. ಗಾಬರಿಯಲ್ಲಿ ಯಾವ ಭಾಷೆ ಆಡುತ್ತಿದ್ದೇನೆ ಅನ್ನುವುದೂ ಗೊತ್ತಿಲ್ಲ. ನನಗೆ ಕಿಟಕಿಯಿಂದ ಕೇಳಿಸಿತು.

"ನೀವು ನನ್ನ ಕೇಳಲೇ ಇಲ್ಲ ಅಬ್ಬಾ."

ಅಜರ್‌ನ ತಾಯಿ ಚಹಾದ ಕಪ್ ಕೆಳಗಿಟ್ಟು ಎದ್ದು ಹೊರಟಳು. ಶಫಿ ಚಾಚಾ ಅಬ್ಬಾನ ಭುಜ ಮುಟ್ಟಿ, ಅವರ ಹಾಗೆ ಕನ್ನಡದಲ್ಲೇ, "ಹುಡುಗಿ ಬಾಯಿ ಬಿಟ್ಟು ಹೇಳ್ಯಾಳ. ಇನ್ನ ಮುಂದ ಮಾತಾಡೂದು ಚಂದ ಅಲ್ಲ," ಅಂದು ಹಿಂದೆಯೇ ನಡೆದರು. ಫುರ್ಕಾನ್ ಚಾವಿ ಎಸೆದು ಓಣಿಗೆ ಹೋದ. ಅಮ್ಮಿ ತಲೆನೋವೆಂದು ಮಲಗಿದಳು.

ಅಂಗಳದಲ್ಲಿ ಮಜರ್ ಒಬ್ಬನೇ ಉಳಿದು ವೈರು ಸುತ್ತುತ್ತಿದ್ದ. ಸುತ್ತುತ್ತಾ ಕಿಟಕಿಯ ಕೆಳಗೆ ಬಂದ.

"ಬ್ಲೂಟೂತ್ ಬಂದ್ ಮಾಡೀನ್ರಿ," ಅಂದ ಮೆಲ್ಲಗೆ. "ಈಗ ನಾ ಒಂದು ಕೇಳ್ಲಾ? ನನ್ನ ಜೋಡಿ ಲಗ್ನ ಆಗ್ತೀರಿ?"

ಹೂಂ ಅನ್ನಲು ನಾಲಿಗೆ ತುದಿಯಲ್ಲೇ ಇತ್ತು. ಆದರೆ ಯೋಚನೆ ಮಾಡುವ ಸುಖ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

"ನಾಕು ದಿನ ಬೇಕು."

"ನಾಕು ದಿನ ಸುಮ್ಮನ ಇದ್ರ ಹಾಂ ಅಂತ ತಿಳ್ಕೋಲಾ?"

"ತಿಳ್ಕೊಂಡ್ರ ಆ ಡಬ್ಬಿ ನಿಮ್ಮ ತಲಿ ಮ್ಯಾಲ ಹಾಕ್ತೀನಿ."

ನಗುತ್ತಾ ಹೋದ. ಗೇಟು ದಾಟುವವರೆಗೆ ಮೂರು ಸಲ ತಿರುಗಿ ನೋಡಿದ, ಎಣಿಸಿದ್ದೇನೆ.

ಮಗರಿಬ್ ನಮಾಜಿನ ನಂತರ ಅಬ್ಬಾ ಪಡಸಾಲೆಯಲ್ಲಿ ಆರಿದ ಚಹಾದ ಮುಂದೆ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ಕೊನೆಗೆ ಅವರೇ ಕೇಳಿದರು. "ತೋ ತೇರೆಕು ಕ್ಯಾ ಹೋನಾ, ಬೇಟಾ?" ಹಂಗಾದರೆ ನಿನಗೇನು ಬೇಕು ಅಂತ. ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ.

"ಸೋಮವಾರದಿಂದ ಲ್ಯಾಬಿಗೆ ಹೋಗಬೇಕು," ಅಂದೆ.

"ಔರ್?"

ಮತ್ತೇನು ಅನ್ನುವುದಕ್ಕೆ ಉತ್ತರವಾಗಿ ಅವರ ಮುಂದೆಯೇ ಮಜರ್‌ಗೆ ಫೋನ್ ಹಚ್ಚಿದೆ. ಮಜರ್ ಆಗಷ್ಟೇ ಕಮಲಾಪುರ ಮುಟ್ಟಿದ್ದ.

"ನಾಕು ದಿನ ಆಗಿಲ್ಲಲ್ರೀ," ಅಂದ ಗಾಬರಿಯಿಂದ.

ಅವನೊಂದಿಗೆ ನಾನು ಕನ್ನಡ ಬಿಟ್ಟು ಬೇರೆ ಆಡಿದವಳಲ್ಲ. ಆದರೆ ಈ ಮಾತು ಒಳಕೋಣೆಯಲ್ಲಿ ಮಲಗಿದ ಅಮ್ಮಿಗೂ ತಿಳಿಯಬೇಕಿತ್ತು.

"ಮೇರೆಕು ತುಮ್ ಹೋನಾ," ಅಂದೆ, ಗಟ್ಟಿಯಾಗಿ. ನನಗೆ ನೀವು ಬೇಕು ಅಂತ.

ಆ ಕಡೆ ಸದ್ದಿಲ್ಲ.

"ಸುಮ್ಮನ ಇರಬ್ಯಾಡ್ರಿ. ಬಾಯಿ ಬಿಟ್ಟು ಹೇಳ್ರಿ."

"ಹೂಂ," ಅಂದ. ಆಮೇಲೆ ಸಾಲದೆನಿಸಿತೇನೋ, ಇನ್ನೂ ಎರಡು ಸಲ ಅಂದ.

ಕೊಡು, ನಾನೂ ಅವನನ್ನು ಕೇಳುತ್ತೇನೆ ಅನ್ನುವಂತೆ ಅಬ್ಬಾ ಫೋನಿಗೆ ಕೈ ಚಾಚಿದರು.