ಚಿಟಿಕೆ ತಾನೇ ಉಸಿರಾಡಿದ ಎರಡು ದಿನ

"ನನ್ನ ತಂಗಿ ಮಗುನ ನೀವು ಮುಟ್ಟೋದು ಬೇಡ, ಸಿಸ್ಟರ್. ಬೇರೆ ಯಾರನ್ನಾದ್ರೂ ಕಳಿಸಿ."

ಸಿಸ್ಟರ್... ನಾಲ್ಕು ವರ್ಷದ ಮೇಲೆ ಎದುರಾದ ಗಂಡ ಅವಳನ್ನು ಕರೆದದ್ದು ಹಾಗೆ.

ಕೈ ತೊಳೆಯುತ್ತಿದ್ದ ನರ್ಸ್ ತಲೆ ಎತ್ತಲಿಲ್ಲ. "ಹಗಲು ಪಾಳಿ ನಂದೇ. ಬೇಡ ಅನ್ನೋದಾದ್ರೆ ಡಾಕ್ಟರಿಗೆ ಹೇಳಿ."

ಗಾಲಿಕುರ್ಚಿಯಲ್ಲಿದ್ದ ಬಾಣಂತಿ ನಾದಿನಿ ಅವನ ತೋಳು ಹಿಡಿದಳು. "ಸುಮ್ನಿರು ಅಣ್ಣ. ನನ್ನ ಮಗ ಅತ್ತಿಗೆ ಕೈಯಲ್ಲೇ ಇರ್ಲಿ."

ನರ್ಸ್ ಕೈ ಒರೆಸಿಕೊಂಡು ಮಗುವಿನ ಬಳಿ ಹೋದಳು.

ಅವಳಿಗೂ ಗಂಡನಿಗೂ ಒಬ್ಬ ಮಗಳಿದ್ದಳು. ದಿನ ತುಂಬುವ ಮೊದಲೇ ಹುಟ್ಟಿ ಇದೇ ವಾರ್ಡಿನಲ್ಲಿದ್ದಳು. "ಒಂದು ಚಿಟಿಕೆಯಷ್ಟಿದ್ದಾಳಲ್ಲೇ" ಎಂದು ಅಪ್ಪ ನಕ್ಕಿದ್ದ, ಅದೇ ಹೆಸರಾಯಿತು. ಮಗು ಚೇತರಿಸಿಕೊಂಡಾಗ, ಮೂಗಿಗೆ ಗಾಳಿ ಕೊಡುವ ನಳಿಕೆ ತೆಗೆದು ನೋಡೋಣವೆಂದರು ಡಾಕ್ಟರ್. ತಾಯಿ ಒಪ್ಪಿದಳು. ಅಪ್ಪ ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಮೂರನೆಯ ದಿನ ಚಿಟಿಕೆ ಹೋದಳು.

"ನಿನ್ನ ಆತುರಕ್ಕೆ ಮಗಳನ್ನ ಬಲಿ ಕೊಟ್ಟೆ" ಎಂದು ಹೇಳಿ ಅವನು ಮನೆ ಬಿಟ್ಟ. ಅವಳು ಎದುರಾಡಲಿಲ್ಲ.

ಈಗ, ಹಾಗೆಯೇ ದಿನ ತುಂಬದೆ ಹುಟ್ಟಿದ ನಾದಿನಿಯ ಮಗನ ಸರದಿ. ದಿನಕ್ಕಿಷ್ಟು ಗಾಳಿಯ ಒತ್ತಡ ಇಳಿಸುತ್ತ ಬಂದು, ಒಂದು ಬೆಳಿಗ್ಗೆ ನರ್ಸ್ ನಳಿಕೆ ತೆಗೆದಳು. ನಲವತ್ತು ನಿಮಿಷವಷ್ಟೇ. ಪಕ್ಕೆಲುಬು ಒಳಗೆ ಸೆಳೆಯತೊಡಗಿತು, ಪರದೆಯ ಮೇಲೆ ಆಮ್ಲಜನಕದ ಅಂಕಿ ಇಳಿಯಿತು. ನಳಿಕೆ ಮತ್ತೆ ಹಾಕಿದಳು.

ಗಾಜಿನಾಚೆ ನಿಂತಿದ್ದ ಗಂಡ ಕೇಳಿದ. "ಆಗ್ಲಿಲ್ವಾ?"

"ಸುಸ್ತಾದ. ಎರಡು ದಿನ ಬಿಟ್ಟು ಮತ್ತೆ ನೋಡ್ತೀವಿ."

"ಚಿಟಿಕೆಗೆ ಯಾಕೆ ಮತ್ತೆ ಹಾಕಲಿಲ್ಲ?"

"ಹಾಕಿದ್ವಿ" ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು.

ಎರಡು ದಿನದ ಮೇಲೆ ಅವನು ವಾರ್ಡಿನ ಬಾಗಿಲಲ್ಲಿ ಸೀನಿದ. ಅವಳು ಓಡಿಬಂದು ಕೈ ಅಡ್ಡ ಹಿಡಿದಳು.

"ಒಳಗೆ ಬರ್ಬೇಡಿ."

"ಸಣ್ಣ ನೆಗಡಿ. ಮಾಸ್ಕ್ ಇದೆಯಲ್ಲ..."

"ಚಿಟಿಕೆ ಹತ್ರ ಬಂದಾಗ್ಲೂ ಸಣ್ಣ ನೆಗಡಿ ಅಂತಾನೇ ಅಂದಿದ್ರಿ."

ಆಡಬಾರದ ಮಾತು ಆಡಿಹೋಗಿತ್ತು. ಅವನ ಮುಖದ ಬಣ್ಣವೇ ಇಳಿಯಿತು.

"ನನ್ನಿಂದಾನಾ?"

"ಶ್ವಾಸಕೋಶಕ್ಕೆ ಸೋಂಕು ಅಂತ ರಿಪೋರ್ಟ್ ಬಂತು. ಯಾರಿಂದ ಬಂತೋ ಯಾರಿಗೂ ಗೊತ್ತಿಲ್ಲ."

"ಆ ವಾರ ಕೆಮ್ತಾ ಇದ್ದಿದ್ದು ನಾನೊಬ್ಬನೇ."

ಅವಳು ವಾರ್ಡಿನ ಬಾಗಿಲು ಎಳೆದು ಮುಚ್ಚಿದಳು.

"ಯಾಕೆ ಹೇಳ್ಲಿಲ್ಲ?"

"ನೀವು ತಡ್ಕೊಳ್ತಿರಲಿಲ್ಲ. ನನ್ನ ಮೇಲೆ ಕೋಪ ಇದ್ರೆ ಹೇಗೋ ಬದುಕ್ತೀರಿ ಅನ್ನಿಸ್ತು."

ಕೃತಜ್ಞತೆಯ ಸುಳಿವೂ ಇರಲಿಲ್ಲ ಅವನ ಕಣ್ಣಲ್ಲಿ. "ನಾಲ್ಕು ವರ್ಷ ಏನೂ ಮಾಡದವಳಿಗೆ ಶಾಪ ಹಾಕ್ತಾ ಬದುಕಿದೆ. ಇದು ದಯೆ ಅಲ್ಲ ಕಣೇ. ಮಗಳು ಹೋದ್ಮೇಲೆ ನಿನ್ನನ್ನೂ ನನ್ನಿಂದ ನೀನೇ ಕಿತ್ಕೊಂಡೆ."

ಅವಳು ಗೋಡೆಗೆ ಒರಗಿದಳು. ಇಷ್ಟು ವರ್ಷ ತಾನು ತ್ಯಾಗವೆಂದುಕೊಂಡದ್ದರ ತಳ ಈಗ ಕಾಣಿಸಿತು.

"ಹೇಳಿದ್ರೆ ನಿಮ್ಮನ್ನ ಕ್ಷಮಿಸ್ಬೇಕಾಗ್ತಿತ್ತು... ಅದು ನನ್ನ ಕೈಲಿ ಆಗ್ತಿರಲಿಲ್ಲ. ನೀವು ಹೋಗಿದ್ದೇ ಸಲೀಸಾಯ್ತು."

ಅವನು ಮೆಟ್ಟಿಲಿಳಿದು ಹೋದ.

ಹತ್ತು ದಿನ ಸುಳಿಯಲಿಲ್ಲ. ಅಷ್ಟರಲ್ಲಿ ನಾದಿನಿಯ ಮಗನಿಗೆ ನಳಿಕೆ ಬೇಡವಾಯಿತು. ಒಂದಿಡೀ ದಿನ ತಾನೇ ಉಸಿರಾಡಿ, ಅಮ್ಮನ ಎದೆಯ ಮೇಲೆ ನಿದ್ದೆಹೋದ.

ಆ ಸಂಜೆ ಪಾಳಿ ಮುಗಿಸಿ ಬಂದಾಗ ಹೊರಗಿನ ಬೆಂಚಿನ ಮೇಲೆ ಅವನಿದ್ದ. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಅವಳೂ ಕುಳಿತಳು.

"ಕ್ಷಮಿಸಿದೀಯಾ?"

"ಇನ್ನೂ ಇಲ್ಲ."

"ನಾನೂ ಅಷ್ಟೇ. ಆದ್ರೆ ಹೋಗೋಕೆ ಮನಸ್ಸಿಲ್ಲ." ಅವನ ದನಿ ಒಡೆಯಿತು. "ನಾನಿಲ್ಲದಾಗ ಚಿಟಿಕೆ ಹೇಗಿದ್ಲು, ಹೇಳು."

"ಎರಡು ದಿನ ತಾನೇ ಉಸಿರಾಡಿದ್ಲು. ನಳಿಕೆ ತೆಗೆದ್ಮೇಲೆ ಮುಖ ಪೂರ್ತಿ ಕಾಣಿಸ್ತು... ಮೂಗು ನಿಮ್ಮದೇ."

ಅವನು ಮುಖ ಮುಚ್ಚಿಕೊಂಡ. ಅವಳು ಸರಿದು ಪಕ್ಕಕ್ಕೆ ಬಂದು, ಆ ಕೈಯೊಂದನ್ನು ಬಿಡಿಸಿ ತನ್ನ ಕೈಯಲ್ಲಿ ಹಿಡಿದಳು.

"ಇನ್ನೂ ಹೇಳು."

"ಆಕಳಿಸಿದ್ರೆ ಹುಬ್ಬು ಗಂಟು ಹಾಕ್ತಿದ್ಲು, ಯಾರ ಮೇಲೋ ಸಿಟ್ಟು ಬಂದವಳ ಹಾಗೆ..."